ಡಿಸ್‌ಲೆಕ್ಸಿಯಾ ಇದ್ದವರಿಗೆ ಯಾವ ಫಾಂಟ್?

ದ, ಧ. ಡ, ಢ. ವ್ಯತ್ಯಾಸ ಎಲ್ಲಿದೆ ನೋಡಿ: ಅಡಿಯಲ್ಲಿ ಒಂದು ಪುಟ್ಟ ಸೀಳು, ಅಷ್ಟೇ. ಡಿಸ್‌ಲೆಕ್ಸಿಯಾ ಇರುವ ಮಗುವಿಗೆ ಮೊದಲೇ ಓದು ಕಷ್ಟ. ಆ ಸೀಳೂ ಮುಚ್ಚಿಹೋಗುವಂಥ ದಪ್ಪ ಫಾಂಟಿನಲ್ಲಿ ನೋಟ್ಸ್ ಕೊಟ್ಟರೆ ಅದು ಏನು ಮಾಡಬೇಕು?

ಇದಕ್ಕೆಂದೇ ಬೇರೆ ಫಾಂಟ್ ಇದೆಯಲ್ಲ ಅಂತೀರಾ? ಇಂಗ್ಲಿಷಿಗೆ ಓಪನ್‌ಡಿಸ್‌ಲೆಕ್ಸಿಕ್ ಇದೆ, ಉಚಿತ, ಅಕ್ಷರಗಳ ಬುಡ ದಪ್ಪ. ಇಷ್ಟವಾದವರು ಖಂಡಿತ ಬಳಸಲಿ. ಆದರೆ ಮಕ್ಕಳಿಂದ ಓದಿಸಿ ಪರೀಕ್ಷಿಸಿದ ಅಧ್ಯಯನದಲ್ಲಿ ವೇಗವೂ ಹೆಚ್ಚಲಿಲ್ಲ, ತಪ್ಪೂ ಇಳಿಯಲಿಲ್ಲ. 2012ರಲ್ಲಿ ಇಟಲಿ, ಫ್ರಾನ್ಸಿನ ಮಕ್ಕಳಲ್ಲಿ ಕಂಡದ್ದೇ ಬೇರೆ: ಅಕ್ಷರಗಳ ನಡುವಿನ ಜಾಗ ಹೆಚ್ಚಿಸಿದ್ದಕ್ಕೇ ಓದು ಚುರುಕಾಯಿತು, ತಪ್ಪು ಕಡಿಮೆಯಾಯಿತು.

ಕನ್ನಡಕ್ಕೆ ಜಾಗ ಬೇಕಿರುವುದು ಸಾಲುಗಳ ನಡುವೆಯೂ. "ರಾಷ್ಟ್ರ" ಬರೆದು ನೋಡಿ. ಷ, ಅದರ ಕೆಳಗೆ ಟ ಒತ್ತು, ಜೊತೆಗೆ ರ ಒತ್ತು. ಸಾಲು ಇಕ್ಕಟ್ಟಾದರೆ ಈ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗಿ ಎಲ್ಲ ಕಲಸಿಹೋಗುತ್ತದೆ. ಸಾಲಿನ ಅಂತರ ಕನಿಷ್ಠ ಒಂದೂವರೆ ಇಡಿ, ದಯವಿಟ್ಟು.

ನೋಟೋ ಸಾನ್ಸ್ ಕನ್ನಡದಂಥ ಸರಳ ಫಾಂಟ್ ಸಾಕು, ಗಾತ್ರ 14. ಓರೆ ಅಕ್ಷರ ಬೇಡ. ಎಡ ಅಂಚು ಮಾತ್ರ ನೇರವಿರಲಿ; ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಎಲ್ಲೆಂದರಲ್ಲಿ ಖಾಲಿ ಜಾಗ ಬೀಳುತ್ತದೆ. ಹಾಳೆ ಕೆನೆಬಣ್ಣದ್ದಾದರೆ ಒಳ್ಳೆಯದು.

ಫಾಂಟ್ ಔಷಧಿಯಲ್ಲ, ತಾಳ್ಮೆಯಿಂದ ಕಲಿಸುವವರು ಬೇಕೇ ಬೇಕು. ಇವತ್ತು ನೀವು ಮಾಡಬಹುದಾದದ್ದು ಇಷ್ಟು: ಒಂದೇ ಪಾಠವನ್ನು ಎರಡು ಬಗೆಯಲ್ಲಿ ಪ್ರಿಂಟ್ ತೆಗೆದು, ಯಾವುದು ಸುಲಭ ಅಂತ ಆ ಮಗುವನ್ನೇ ಕೇಳಿ.