ಸಂಜೆಯನ್ನು ಉದ್ದ ಮಾಡಿದ ದೀಪಗಳು

ಸ್ಕೀಯಿಂಗ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತ, ಬಿಸಿಲಿಗೆ ಕಣ್ಣು ಕೋರೈಸುವ ಹಿಮ, ಉಣ್ಣೆ ಟೋಪಿ ತೊಟ್ಟು ಜಾರುತ್ತಾ ಬರುವ ಸಿನಿಮಾ ನಾಯಕ. ಕೈತುಂಬ ಹಣ, ಬೇಕಾದಷ್ಟು ರಜೆ ಇರುವವರ ಆಟ ಅದು ಎಂಬುದು ಸಾಮಾನ್ಯ ನಂಬಿಕೆ. ಆ ನಂಬಿಕೆ ಪೂರ್ತಿ ಸುಳ್ಳೇನಲ್ಲ. ಆದರೆ ಅಮೆರಿಕದ ಉತ್ತರ ಭಾಗದ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳಲ್ಲಿ ಈ ಆಟಕ್ಕೆ ಇನ್ನೊಂದು ಮುಖವಿದೆ. ಅಲ್ಲಿ ಆಟ ನಡೆಯುವುದು ಮುಗಿಲು ಮುಟ್ಟುವ ಪರ್ವತಗಳಲ್ಲಲ್ಲ, ಊರಂಚಿನ ಗುಡ್ಡಗಳಲ್ಲಿ. ಹಗಲಿನಲ್ಲಿ ಮಾತ್ರವಲ್ಲ, ಕಂಬಗಳ ಮೇಲಿನ ವಿದ್ಯುದ್ದೀಪಗಳ ಬೆಳಕಿನಲ್ಲಿ. ಆಡುವವರಲ್ಲಿ ಹೆಚ್ಚಿನವರು ಪ್ರವಾಸಿಗರಲ್ಲ. ಶಾಲೆ ಬಿಟ್ಟು ಬಂದ ಮಕ್ಕಳು, ಕೆಲಸ ಮುಗಿಸಿ ಬಂದ ನೌಕರರು.

ರಾತ್ರಿ ಸ್ಕೀಯಿಂಗ್ ಎಂಬ ಈ ಪದ್ಧತಿ ಮೇಲ್ನೋಟಕ್ಕೆ ವ್ಯಾಪಾರದ ಜಾಣತನದಂತೆ ಕಾಣುತ್ತದೆ. ಹಗಲಿನ ಟಿಕೆಟ್ ಜತೆಗೆ ರಾತ್ರಿಯ ಟಿಕೆಟ್ಟನ್ನೂ ಮಾರಿದರೆ ಲಾಭ ತಾನೆ? ಹೌದು. ಆದರೆ ಆ ದೀಪಗಳು ಮಾಡಿದ ಕೆಲಸ ಅದಕ್ಕಿಂತ ದೊಡ್ಡದು. ರಜೆಯ ಆಟವೊಂದನ್ನು ಅವು ವಾರದ ದಿನಗಳ ಅಭ್ಯಾಸವಾಗಿ ಬದಲಿಸಿದವು.

ನಾಲ್ಕೂವರೆಗೇ ಕತ್ತಲು

ಇದರ ಮೂಲ ಕಾರಣ ಭೂಗೋಳದಲ್ಲಿದೆ. ಮಿನೆಸೋಟದ ದೊಡ್ಡ ನಗರವಾದ ಮಿನಿಯಾಪೊಲಿಸ್ ಸುಮಾರು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಎಂದರೆ ಭೂಮಧ್ಯರೇಖೆ ಮತ್ತು ಉತ್ತರ ಧ್ರುವದ ನಡುಮಧ್ಯೆ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಸೂರ್ಯ ಸಂಜೆ ನಾಲ್ಕೂವರೆಯ ಹೊತ್ತಿಗೇ ಮುಳುಗುತ್ತಾನೆ. ಬೆಳಿಗ್ಗೆ ಏಳೂಮುಕ್ಕಾಲು ಆಗದೆ ಮತ್ತೆ ಮುಖ ತೋರಿಸುವುದಿಲ್ಲ. ಹಗಲಿನ ಅವಧಿ ಒಂಬತ್ತು ತಾಸಿಗೂ ಕಡಿಮೆ. ವರ್ಷವಿಡೀ ಹಗಲು-ರಾತ್ರಿ ಹೆಚ್ಚು ಕಡಿಮೆ ಸಮನಾಗಿರುವ ನಾಡಿನವರಿಗೆ ಇದರ ಕಷ್ಟ ಸುಲಭಕ್ಕೆ ಅರ್ಥವಾಗದು. ಮಕ್ಕಳು ಶಾಲೆಯಿಂದ ಮನೆ ಸೇರುವಷ್ಟರಲ್ಲಿ ಮಬ್ಬುಗತ್ತಲು. ದೊಡ್ಡವರು ಕಚೇರಿಯಿಂದ ಹೊರಬರುವಷ್ಟರಲ್ಲಿ ಪೂರ್ತಿ ಕತ್ತಲು. ಹಿಮ ಬೀಳುವ ಕಾಲದಲ್ಲೇ ಬೆಳಕಿಲ್ಲ. ಬೆಳಕಿರುವ ಕಾಲದಲ್ಲಿ ಹಿಮವಿಲ್ಲ!

ಇಂಥ ಕಡೆ ಸೂರ್ಯನನ್ನೇ ನಂಬಿ ಕೂತರೆ ಶನಿವಾರ, ಭಾನುವಾರ ಬಿಟ್ಟು ಬೇರೆ ದಿನ ಗುಡ್ಡ ಹತ್ತುವಂತಿಲ್ಲ. ಆದರೆ ಆಟ ಕಲಿಯುವ ಆಸೆ ಇವರಿಗೆ ಇಂದು ನಿನ್ನೆಯದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ನಾರ್ವೆಯಿಂದ ವಲಸೆ ಬಂದ ಸಾವಿರಾರು ರೈತ ಕುಟುಂಬಗಳು ಮಿನೆಸೋಟದಲ್ಲಿ ನೆಲೆಸಿದವು. ಅವರೊಂದಿಗೆ ಸ್ಕೀ ಹಲಗೆಗಳೂ ಬಂದವು. ರೆಡ್ ವಿಂಗ್ ಎಂಬ ಊರಿನಲ್ಲಿ 1880ರ ದಶಕದಲ್ಲೇ ಸ್ಕೀ ಕ್ಲಬ್ ಸ್ಥಾಪನೆಯಾಗಿತ್ತು. ಆಸೆ ಇತ್ತು, ಚಳಿ ಇತ್ತು, ಗುಡ್ಡವೂ ಇತ್ತು. ಇಲ್ಲದ್ದು ಸಮಯ.

ಹಗ್ಗ, ದೀಪ, ಹಿಮ

ಸಂಜೆಯ ಎರಡು ಮೂರು ತಾಸಿನಲ್ಲಿ ಆಟವಾಡಿ ಮನೆಗೆ ಮರಳುವಂತಾಗಲು ಮೂರು ಸಾಧನಗಳು ಬೇಕಾದವು. ಮೊದಲನೆಯದು ಹಗ್ಗ. ಸ್ಕೀಯಿಂಗ್‌ನಲ್ಲಿ ಇಳಿಯುವುದು ಕ್ಷಣದ ಕೆಲಸ, ಹತ್ತುವುದು ದಮ್ಮು ಕಟ್ಟುವ ಕೆಲಸ. 1934ರಲ್ಲಿ ವರ್ಮಾಂಟ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಹೊಲದ ದಿಬ್ಬವೊಂದಕ್ಕೆ ಉದ್ದನೆಯ ಹಗ್ಗದ ಸುತ್ತು ಹಾಕಿ, ಹಳೆಯ ಫೋರ್ಡ್ ಮಾಡೆಲ್ ಟಿ ಕಾರಿನ ಎಂಜಿನ್‌ನಿಂದ ಅದನ್ನು ತಿರುಗಿಸಲಾಯಿತು. ನಮ್ಮ ಬಾವಿಯ ರಾಟೆಯನ್ನು ಗುಡ್ಡದ ಮೇಲೆ ಮಲಗಿಸಿದರೆ ಹೇಗೋ ಹಾಗೆ. ಓಡುವ ಹಗ್ಗವನ್ನು ಹಿಡಿದುಕೊಂಡರಾಯಿತು, ಅದೇ ಮೇಲಕ್ಕೆ ಎಳೆದೊಯ್ಯುತ್ತದೆ. ಅಮೆರಿಕದಲ್ಲಿ ಇಂಥ ಯಂತ್ರ ಇದೇ ಮೊದಲು. ಕೆಲವೇ ವರ್ಷಗಳಲ್ಲಿ ಅದು ನೂರಾರು ಗುಡ್ಡಗಳಿಗೆ ಹಬ್ಬಿತು.

ಎರಡನೆಯದು ದೀಪ. ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್ ಪಟ್ಟಣದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. ಪಕ್ಕದಲ್ಲೇ ಕ್ಲಾರೆನ್ಸ್ ಬೂಸ್ಕೆ ಎಂಬವರ ಜಮೀನಿನಲ್ಲಿ ಸ್ಕೀ ಇಳಿಜಾರು. ಕಂಪನಿಯ ಎಂಜಿನಿಯರುಗಳ ನೆರವಿನಿಂದ 1930ರ ದಶಕದಲ್ಲೇ ಅಲ್ಲಿ ದೀಪಗಳು ಹೊತ್ತಿಕೊಂಡವು. ಅಮೆರಿಕದಲ್ಲಿ ರಾತ್ರಿ ಸ್ಕೀಯಿಂಗ್ ಆರಂಭಿಸಿದ ಮೊದಲಿಗರ ಸಾಲಿನಲ್ಲಿ ಈ ಗುಡ್ಡಕ್ಕೆ ಸ್ಥಾನವಿದೆ.

ಮೂರನೆಯದು ಹಿಮ. ಹಿಮವೇನೋ ಆಕಾಶದಿಂದ ಬೀಳುತ್ತದೆ, ಆದರೆ ಬೇಕೆಂದಾಗ ಬೀಳುವುದಿಲ್ಲ. ಕನೆಕ್ಟಿಕಟ್ ರಾಜ್ಯದ ಆರ್ಟ್ ಹಂಟ್, ಡೇವ್ ರಿಚಿ, ವೇಯ್ನ್ ಪಿಯರ್ಸ್ ಎಂಬ ಮೂವರು ಸ್ಕೀ ಹಲಗೆ ತಯಾರಿಸುವ ಸಣ್ಣ ಕಂಪನಿ ನಡೆಸುತ್ತಿದ್ದರು. 1949-50ರ ಚಳಿಗಾಲದಲ್ಲಿ ಹಿಮ ಸರಿಯಾಗಿ ಬೀಳಲಿಲ್ಲ, ಹಲಗೆಗಳು ಮಾರಾಟವಾಗಲಿಲ್ಲ. ಮಾರ್ಚ್ 1950ರಲ್ಲಿ ಅವರು ಬಣ್ಣ ಸಿಂಪಡಿಸುವ ಕಂಪ್ರೆಸರ್‌ಗೆ ತೋಟದ ನೀರಿನ ಪೈಪು, ಒಂದು ನಳಿಕೆ ಜೋಡಿಸಿ ಚಳಿರಾತ್ರಿಯಲ್ಲಿ ನೀರು ಚಿಮ್ಮಿಸಿದರು. ಕೆಳಗೆ ಬಿದ್ದದ್ದು ಹಿಮ!

ಈ ಯಂತ್ರದ ತತ್ವ ಸರಳ. ಒತ್ತಡದ ಗಾಳಿಯೊಂದಿಗೆ ಹೊರಬಿದ್ದ ನೀರು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ಗಾಳಿ ಹಿಗ್ಗಿದಾಗ ಉಂಟಾಗುವ ತಂಪಿಗೆ ಕೆಲವು ಹನಿಗಳು ಕೂಡಲೇ ಗಟ್ಟಿಯಾಗುತ್ತವೆ. ಹಾಲಿಗೆ ಹೆಪ್ಪು ಹಾಕಿದಂತೆ ಅವು ಉಳಿದ ಹನಿಗಳನ್ನೂ ಗಟ್ಟಿಮಾಡುತ್ತವೆ. ನೆಲ ಮುಟ್ಟುವುದರೊಳಗೆ ಎಲ್ಲವೂ ಹಿಮದ ಕಾಳು. ಇದಕ್ಕೆ ಬರಿಯ ಚಳಿ ಸಾಲದು, ಗಾಳಿ ಒಣಗಿರಬೇಕು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸೊನ್ನೆಗಿಂತ ಎರಡು ಮೂರು ಡಿಗ್ರಿಯಾದರೂ ಕೆಳಗೆ ತೋರಿಸಿದರೆ ಕೆಲಸ ಆರಂಭಿಸಬಹುದು. ನೀರಿನ ಖರ್ಚು ಕಡಿಮೆಯಲ್ಲ. ಒಂದು ಘನಮೀಟರ್ ಹಿಮಕ್ಕೆ ಸುಮಾರು 400ರಿಂದ 500 ಲೀಟರ್ ನೀರು ಬೇಕು. ಎರಡೂವರೆ ಎಕರೆ ಇಳಿಜಾರಿಗೆ ಅರ್ಧ ಮೀಟರ್ ದಪ್ಪ ಹಿಮ ಹಾಸಬೇಕೆಂದರೆ 20ರಿಂದ 25 ಲಕ್ಷ ಲೀಟರ್! ಬೇಸಿಗೆಗೆ ಅದು ಕರಗಿ ಬಹುಪಾಲು ಮತ್ತೆ ಮಣ್ಣಿಗೆ, ಕೆರೆಗೆ ಸೇರುತ್ತದೆ ಎಂಬುದಷ್ಟೇ ಸಮಾಧಾನ.

ಬೆಳಕಿನ ಲೆಕ್ಕಾಚಾರ

ಹಿಮದ ಇಳಿಜಾರಿಗೆ ದೀಪ ಹಾಕುವುದು ಆಟದ ಮೈದಾನಕ್ಕೆ ದೀಪ ಹಾಕಿದಂತಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 80ರಿಂದ 90ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ. ಹೀಗಾಗಿ ಕಡಿಮೆ ದೀಪಗಳಿಂದಲೇ ಹೆಚ್ಚು ಬೆಳಕು ಸಿಗುತ್ತದೆ. ಆದರೆ ಸ್ಕೀ ಆಡುವವನಿಗೆ ಬೆಳಕಿಗಿಂತ ನೆರಳು ಮುಖ್ಯ. ಉಬ್ಬು ಎಲ್ಲಿದೆ, ತಗ್ಗು ಎಲ್ಲಿದೆ ಎಂದು ಹೇಳುವುದು ನೆರಳೇ. ಮೋಡ ಕವಿದ ಹಗಲಿನಲ್ಲಿ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬೆಳಕು ಬರುವುದರಿಂದ ನೆರಳೇ ಬೀಳದೆ, ಇಡೀ ಇಳಿಜಾರು ಬಿಳಿ ಗೋಡೆಯಂತೆ ಕಂಡು ನುರಿತವರೂ ಮುಗ್ಗರಿಸುವುದುಂಟು. ರಾತ್ರಿಯ ದೀಪಗಳು ಪಕ್ಕದ ಕಂಬಗಳಿಂದ ಓರೆಯಾಗಿ ಬೆಳಗುವುದರಿಂದ ಸಣ್ಣ ಗೀರು ಕೂಡ ಎದ್ದು ಕಾಣುತ್ತದೆ. ಮೋಡದ ಹಗಲಿಗಿಂತ ದೀಪದ ರಾತ್ರಿಯಲ್ಲಿ ನೆಲ ಚೆನ್ನಾಗಿ ಕಾಣುವ ಸಂದರ್ಭಗಳಿವೆ ಎಂದರೆ ಅಚ್ಚರಿಯಾದರೂ ನಿಜ.

ಕಷ್ಟಗಳೂ ಇವೆ. ಹಗಲು ಸ್ವಲ್ಪ ಕರಗಿದ ಹಿಮ ಸಂಜೆಯ ಚಳಿಗೆ ಮತ್ತೆ ಗಟ್ಟಿಯಾಗಿ ಮಂಜುಗಡ್ಡೆಯ ಹಲಗೆಯಂತಾಗುತ್ತದೆ. ಕಂಬದಿಂದ ಕಂಬಕ್ಕೆ ನಡುವೆ ಮಬ್ಬಿನ ಪಟ್ಟಿಗಳು ಉಳಿಯುತ್ತವೆ. ಹಿಮಯಂತ್ರಗಳಿಗೂ ರಾತ್ರಿಯ ಚಳಿಯೇ ಬೇಕಾದ್ದರಿಂದ ಆಡುವವರು ಆಗಾಗ ಅವುಗಳ ತುಂತುರಿನ ನಡುವೆಯೇ ನುಗ್ಗಬೇಕಾಗುತ್ತದೆ. ಕನ್ನಡಕದ ಗಾಜಿನ ಮೇಲೆ ಆ ಹನಿಗಳು ಹೆಪ್ಪುಗಟ್ಟುತ್ತವೆ.

ಚಿಕ್ಕ ಗುಡ್ಡದ ದೊಡ್ಡ ಪಾಠ

ಮಿನಿಯಾಪೊಲಿಸ್ ನಗರದ ದಕ್ಷಿಣಕ್ಕೆ, ಬರ್ನ್ಸ್‌ವಿಲ್ ಎಂಬ ಊರಿನಲ್ಲಿ ಹೆದ್ದಾರಿಗೆ ಅಂಟಿಕೊಂಡಂತೆ ಬಕ್ ಹಿಲ್ ಎಂಬ ಗುಡ್ಡವಿದೆ. 1954ರಲ್ಲಿ ಚಕ್ ಸ್ಟೋನ್ ಮತ್ತು ನ್ಯಾನ್ಸಿ ಸ್ಟೋನ್ ಅದನ್ನು ಸ್ಕೀ ಗುಡ್ಡವಾಗಿ ತೆರೆದರು. ತುದಿಯಿಂದ ಬುಡಕ್ಕೆ ಇಳಿತ ಸುಮಾರು 310 ಅಡಿ. ಮೇಲಿಂದ ಜಾರಿದರೆ ಒಂದು ನಿಮಿಷವೂ ಹಿಡಿಯದೆ ಬುಡ ತಲುಪಬಹುದು. ಆಲ್ಪ್ಸ್ ಕಂಡವರು ಇದನ್ನು ನೋಡಿ ನಕ್ಕಾರು.

ಆದರೆ ಈ ಗುಡ್ಡದಲ್ಲಿ ದಶಕಗಳ ಕಾಲ ತರಬೇತಿ ನೀಡಿದ, ಆಸ್ಟ್ರಿಯಾ ಮೂಲದ ಎರಿಕ್ ಸೈಲರ್ ಅದರ ಚಿಕ್ಕತನವನ್ನೇ ಬಂಡವಾಳ ಮಾಡಿಕೊಂಡರು. ಗುಡ್ಡ ಚಿಕ್ಕದಾದಷ್ಟೂ ಮತ್ತೆ ಮೇಲಕ್ಕೆ ಹೋಗುವುದು ಬೇಗ. ಹಗ್ಗ ಹಿಡಿದು ಮೇಲೆ, ಕಂಬಗಳ ನಡುವೆ ಹೊರಳುತ್ತಾ ಕೆಳಗೆ, ಮತ್ತೆ ಹಗ್ಗ. ದೊಡ್ಡ ಪರ್ವತದಲ್ಲಿ ಒಮ್ಮೆ ತುದಿ ಮುಟ್ಟುವಷ್ಟು ಹೊತ್ತಿನಲ್ಲಿ ಇಲ್ಲಿ ಹಲವು ಸಲ ಇಳಿದಾಗಿರುತ್ತದೆ. ಅದೂ ವಾರಕ್ಕೊಂದು ದಿನವಲ್ಲ, ದೀಪಗಳಿರುವುದರಿಂದ ಸಂಜೆ ಸಂಜೆಯೂ. ಸಂಗೀತಗಾರರು ಒಂದೇ ಸರಳೆ ವರಸೆಯನ್ನು ನಿತ್ಯ ಹಾಡಿ ಹಾಡಿ ಕಂಠ ತಿದ್ದಿಕೊಳ್ಳುವ ರೀತಿ ಇದು.

ಫಲ ಬಂದದ್ದು ಜಗತ್ತಿಗೇ ಕಂಡಿತು. ಇದೇ ಗುಡ್ಡದಲ್ಲಿ ಕಲಿತ ಕ್ರಿಸ್ಟಿನಾ ಕೋಜ್ನಿಕ್ ಸ್ಕೀಯಿಂಗ್ ವಿಶ್ವಕಪ್ ಸ್ಪರ್ಧೆಗಳಲ್ಲಿ ಆರು ಬಾರಿ ಗೆದ್ದರು. 1984ರಲ್ಲಿ ಹುಟ್ಟಿದ ಲಿಂಡ್ಸಿ ವಾನ್ ಕೂಡ ಬಾಲ್ಯದಲ್ಲಿ ಇಲ್ಲಿಯೇ ಪಳಗಿದವರು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಚಿನ್ನ ಗೆದ್ದ ಮೊದಲ ಅಮೆರಿಕನ್ ಮಹಿಳೆ ಎಂಬ ಕೀರ್ತಿ ಅವರದಾಯಿತು. 2019ರಲ್ಲಿ ಅವರು ನಿವೃತ್ತಿ ಘೋಷಿಸಿದಾಗ ಖಾತೆಯಲ್ಲಿದ್ದ ವಿಶ್ವಕಪ್ ಗೆಲುವುಗಳು 82. ಮುಂದೆ 2024ರಲ್ಲಿ ಮತ್ತೆ ಕಣಕ್ಕಿಳಿದರು. ಡೌನ್‌ಹಿಲ್‌ನ ವೇಗವನ್ನು 310 ಅಡಿಯ ಗುಡ್ಡದಲ್ಲಿ ಕಲಿಯಲಾಗದು. ಅದಕ್ಕಾಗಿ ಅವರ ಕುಟುಂಬ ಕೊಲರಾಡೊದ ಪರ್ವತಗಳ ನಾಡಿಗೆ ಹೋಗಬೇಕಾಯಿತು. ಆದರೆ ಅಡಿಪಾಯ ಬಿದ್ದದ್ದು ದೀಪದಡಿಯಲ್ಲಿ.

ಚಾಂಪಿಯನ್ನರ ಕತೆ ಕೆಲವರದು ಮಾತ್ರ. ಗುಡ್ಡದ ನಿಜವಾದ ಬಳಕೆದಾರರು ಬೇರೆ. ಮಿನೆಸೋಟದಲ್ಲಿ ಪ್ರೌಢಶಾಲೆಗಳ ನಡುವೆ ಸ್ಕೀ ಪಂದ್ಯಗಳು ನಡೆಯುತ್ತವೆ. ಶಾಲಾ ತಂಡಗಳ ಅಭ್ಯಾಸಕ್ಕೆ ಸಂಜೆಯ ಗುಡ್ಡವೇ ಗತಿ. ವಾರಕ್ಕೊಮ್ಮೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬರುವ ಶಾಲಾ ಕ್ಲಬ್ಬುಗಳಿವೆ. ಕೆಲಸದ ನಂತರ ಗುಂಪು ಕಟ್ಟಿಕೊಂಡು ಪಂದ್ಯ ಆಡುವ ವಯಸ್ಕರ ಲೀಗ್‌ಗಳಿವೆ. ವಿಮಾನ ಟಿಕೆಟ್ಟಿಲ್ಲ, ಹೋಟೆಲ್ ಖರ್ಚಿಲ್ಲ. ರಾತ್ರಿ ಊಟಕ್ಕೆ ಮನೆ.

ನಾರ್ವೆಯವರು ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ. ಅಲ್ಲಿ ಊರೂರಿನ ಕಾಡಂಚಿನಲ್ಲಿ ದೀಪ ಹಾಕಿದ ಸ್ಕೀ ಹಾದಿಗಳಿವೆ. ಲೈಸ್‌ಲೊಯ್ಪೆ, ಅಂದರೆ ಬೆಳಕಿನ ಹಾದಿ ಎಂದು ಅವಕ್ಕೆ ಹೆಸರು. ನಮ್ಮ ಊರುಗಳ ಉದ್ಯಾನವನಗಳಂತೆ ಅವು ಸಾರ್ವಜನಿಕ ಸೌಲಭ್ಯ. ಈ ಯೋಚನೆ ಮಿನೆಸೋಟಕ್ಕೂ ತಲುಪಿದೆ. ಬ್ಲೂಮಿಂಗ್ಟನ್‌ನ ಹೈಲ್ಯಾಂಡ್ ಹಿಲ್ಸ್ ಗುಡ್ಡವನ್ನು ನಡೆಸುವುದು ಸಾರ್ವಜನಿಕ ಉದ್ಯಾನ ಮಂಡಳಿ. ಮಿನಿಯಾಪೊಲಿಸ್‌ನ ಥಿಯೊಡೋರ್ ವರ್ತ್ ಉದ್ಯಾನದಲ್ಲೂ ದೀಪದ ಹಾದಿಗಳಿವೆ.

ದೀಪದ ಬುಡದಲ್ಲಿ

ದೀಪದ ಬುಡದಲ್ಲಿ ಕತ್ತಲು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಹಿಮ ಹಿಂದಕ್ಕೆ ಚೆಲ್ಲಿದ ಬೆಳಕು ಮೋಡಕ್ಕೆ ತಾಗಿ ಮತ್ತೆ ನೆಲಕ್ಕೆ ಬೀಳುತ್ತದೆ. ಸುತ್ತಲಿನ ಆಕಾಶದಲ್ಲಿ ನಕ್ಷತ್ರಗಳು ಮಾಯ. ಮೊದಲಿನ ಪಾದರಸ ದೀಪ, ಸೋಡಿಯಂ ದೀಪಗಳ ಜಾಗಕ್ಕೆ ಈಗ ಎಲ್‌ಇಡಿ ದೀಪಗಳು ಬರುತ್ತಿವೆ. ಅವುಗಳಿಂದ ವಿದ್ಯುತ್ ಖರ್ಚು ಇಳಿದಿದೆ, ಬೇಕಾದ ಕಡೆಗಷ್ಟೇ ಬೆಳಕನ್ನು ತಿರುಗಿಸುವುದೂ ಸುಲಭವಾಗಿದೆ. ಈ ತೊಂದರೆಗೆ ಪರಿಹಾರವಿದೆ ಎನ್ನಲಡ್ಡಿಯಿಲ್ಲ.

ಪರಿಹಾರ ಸುಲಭವಲ್ಲದ ತೊಂದರೆಗಳು ಬೇರೆ ಇವೆ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ 700ಕ್ಕೂ ಹೆಚ್ಚು ಸ್ಕೀ ಕೇಂದ್ರಗಳಿದ್ದವು. ಈಗ ಉಳಿದಿರುವುದು 500ಕ್ಕೂ ಕಡಿಮೆ. ಮುಚ್ಚಿದವುಗಳಲ್ಲಿ ಬಹುತೇಕ ಊರಂಚಿನ ಚಿಕ್ಕ ಗುಡ್ಡಗಳೇ. ವಿಮೆಯ ಕಂತು, ಯಂತ್ರಗಳ ಬೆಲೆ, ಮನೆ ಕಟ್ಟುವವರು ಜಮೀನಿಗೆ ಕೊಡುವ ದರ ಇವುಗಳ ಮುಂದೆ ಅವು ಸೋತವು. ಉಳಿದವುಗಳಲ್ಲಿ ಕೆಲವನ್ನು ದೊಡ್ಡ ಕಂಪನಿಗಳು ಕೊಂಡವು. ಪರ್ವತ ಕೇಂದ್ರಗಳ ಒಡೆತನದ ವೇಲ್ ರೆಸಾರ್ಟ್ಸ್ 2012ರಲ್ಲಿ ಮಿನೆಸೋಟದ ಆಫ್ಟನ್ ಆಲ್ಪ್ಸ್, ಮಿಷಿಗನ್‌ನ ಮೌಂಟ್ ಬ್ರೈಟನ್ ಗುಡ್ಡಗಳನ್ನು ಖರೀದಿಸಿತು. ಊರ ಗುಡ್ಡದಲ್ಲಿ ಕಲಿತವನೇ ನಾಳೆ ಪರ್ವತಕ್ಕೆ ಬರುವ ಗಿರಾಕಿ ಎಂಬ ಲೆಕ್ಕ ಅದರದು. ಚಿಕ್ಕ ಗುಡ್ಡಗಳ ಬೆಲೆ ದೊಡ್ಡವರಿಗೂ ಗೊತ್ತಾಗಿದೆ ಎಂದಾಯಿತು.

ಎಲ್ಲಕ್ಕಿಂತ ದೊಡ್ಡ ಚಿಂತೆ ಹವೆಯದು. ಮಿನೆಸೋಟದಲ್ಲಿ ಅತಿ ವೇಗವಾಗಿ ಬಿಸಿಯೇರುತ್ತಿರುವುದು ಬೇಸಿಗೆಯ ಹಗಲಲ್ಲ, ಚಳಿಗಾಲದ ರಾತ್ರಿ. 2023-24ರ ಚಳಿಗಾಲ ಆ ರಾಜ್ಯದ ದಾಖಲೆಯಲ್ಲೇ ಅತಿ ಬೆಚ್ಚಗಿನದು. 2024ರ ಫೆಬ್ರುವರಿಯಲ್ಲಿ ಥಿಯೊಡೋರ್ ವರ್ತ್ ಉದ್ಯಾನದಲ್ಲಿ ವಿಶ್ವಕಪ್ ಸ್ಕೀ ಓಟ ನಡೆಯುವುದಿತ್ತು. 2001ರ ನಂತರ ಅಮೆರಿಕಕ್ಕೆ ಮೊದಲ ಬಾರಿ ಬಂದ ಪಂದ್ಯ ಅದು. ಸುತ್ತ ಹುಲ್ಲು ಕಾಣುತ್ತಿದ್ದಾಗ ಸಂಘಟಕರು ಯಂತ್ರದ ಹಿಮ ಹಾಸಿ ಹಾದಿ ಸಿದ್ಧಪಡಿಸಿದರು. ಕಡೆಗಳಿಗೆಯಲ್ಲಿ ಒಂದಿಷ್ಟು ಹಿಮವೂ ಬಿದ್ದು ಪಂದ್ಯ ನಡೆಯಿತು.

ಹಿಮ ಬೀಳದಿದ್ದರೆ ತಯಾರಿಸಬಹುದು, ಸೂರ್ಯ ಮುಳುಗಿದರೆ ದೀಪ ಹಚ್ಚಬಹುದು ಎಂಬ ಧೈರ್ಯದ ಮೇಲೆ ಈ ಗುಡ್ಡಗಳು ಇಷ್ಟು ವರ್ಷ ನಿಂತಿವೆ. ಆದರೆ ಆ ಎರಡೂ ಜಾಣತನಗಳ ಹಿಂದೆ ಯಂತ್ರದಿಂದ ಒದಗಿಸಲಾಗದ ಒಂದು ವಸ್ತುವಿತ್ತು: ಚಳಿರಾತ್ರಿ. ಅದು ಬಿಟ್ಟಿಯಾಗಿ ಸಿಗುತ್ತಿತ್ತು; ಆದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ದೊಡ್ಡ ಪರ್ವತಗಳಿಗೆ ಎತ್ತರವಿದೆ, ಇನ್ನಷ್ಟು ಮೇಲಕ್ಕೆ ಹೋದರೆ ಚಳಿ ಸಿಗುತ್ತದೆ. 310 ಅಡಿಯ ಗುಡ್ಡಕ್ಕೆ ಹೋಗಲು ಮೇಲೆಲ್ಲಿದೆ ಜಾಗ? ಅದು ಆರಿದ ದಿನ ಸ್ಕೀಯಿಂಗ್ ಅಳಿದುಹೋಗುವುದಿಲ್ಲ; ರಜೆಯೂ ಹಣವೂ ಇರುವವರ ಕೈಗೆ ಮರಳುತ್ತದೆ, ಅಷ್ಟೆ.