ಮುಂಗಡ ಕೊಟ್ಟವರ ಮುನಿಸು

2014ರ ಮಾರ್ಚ್‌ನಲ್ಲಿ ಅಮೆರಿಕದ ಫೇಸ್‌ಬುಕ್ ಸಂಸ್ಥೆಯು, ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನವನ್ನು ರೂಪಿಸುತ್ತಿದ್ದ ಆಕ್ಯುಲಸ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ವ್ಯವಹಾರ ಭರ್ಜರಿಯಾದುದೇ. ಆದರೆ ಕಂಪನಿಯ ಮೊದಲ ಗ್ರಾಹಕರಾದ ಕಂಪ್ಯೂಟರ್ ಆಟಗಾರರು ಸಂತೋಷಪಡಲಿಲ್ಲ, ಸಿಡಿಮಿಡಿಗೊಂಡರು.

ಇದಕ್ಕೆ ಕಾರಣವಿದೆ. 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ 9,522 ಮಂದಿ ಸುಮಾರು 24 ಲಕ್ಷ ಡಾಲರ್ ನೀಡಿ ಈ ಉದ್ಯಮಕ್ಕೆ ಆಸರೆಯಾಗಿದ್ದರು. ಅವರು ಷೇರುದಾರರಲ್ಲವಾದ್ದರಿಂದ ಮಾರಾಟದ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಆಟದ ಸಾಧನವು ಜಾಹೀರಾತಿನ, ಖಾಸಗಿ ಮಾಹಿತಿ ಸಂಗ್ರಹದ ಉಪಕರಣವಾದೀತೆಂಬ ಶಂಕೆಯೂ ಸೇರಿತು. 10,000 ಡಾಲರ್ ನೀಡಿದ್ದ ಮೈನ್‌ಕ್ರಾಫ್ಟ್ ನಿರ್ಮಾತೃ ಮಾರ್ಕಸ್ ಪರ್ಸನ್ ಅವರು ತಮ್ಮ ಆಟವನ್ನು ಆಕ್ಯುಲಸ್‌ಗೆ ಅಳವಡಿಸುವ ಮಾತುಕತೆಯನ್ನೇ ಕೈಬಿಟ್ಟರು. ದೊಡ್ಡ ಬಂಡವಾಳದಿಂದ ಸಾಧನದ ಬೆಲೆ ಇಳಿದೀತೆಂದು ಸ್ವಾಗತಿಸಿದವರೂ ಇದ್ದರು.

ಪ್ರಾಯೋಗಿಕ ಸಾಧನ ಪಡೆದಿದ್ದ ದಾನಿಗಳಿಗೆ 2016ರಲ್ಲಿ ಕಂಪನಿಯು ಹೊಸ ಸಾಧನವನ್ನು ಉಚಿತವಾಗಿ ನೀಡಿತು. ಆದರೆ ಫೇಸ್‌ಬುಕ್ ಖಾತೆಯ ಅಗತ್ಯವಿರದೆಂದು ಸಂಸ್ಥಾಪಕರು ಕೊಟ್ಟಿದ್ದ ಭರವಸೆ ನಿಲ್ಲಲಿಲ್ಲ: 2020ರಲ್ಲಿ ಹೊಸ ಬಳಕೆದಾರರಿಗೆ ಅದು ಕಡ್ಡಾಯವಾಯಿತು, 2022ರಲ್ಲಿ ಆ ನಿಯಮ ಸಡಿಲಗೊಂಡಿತು.

ಮುಂಗಡ ಪಡೆದು ವ್ಯಾಪಾರ ನಡೆಸುವ ನಮ್ಮ ಉದ್ಯಮಿಗಳು ಗಮನಿಸಬೇಕಾದುದಿಷ್ಟೇ: ಕಂಪನಿಯನ್ನು ಮಾರಬಹುದು, ಗ್ರಾಹಕರಿಗೆ ಕೊಟ್ಟ ಮಾತನ್ನು ಕೊಳ್ಳುವವರು ಪಾಲಿಸುವಂತೆ ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಲೇಸು.