ಹಳೆಯ ಐಸಿಸ್ ಕ್ಯಾಟಲಾಗನ್ನು ವೆಬ್‌ಗೆ ತರುವಾಗ

ಸಿಡಿಎಸ್/ಐಸಿಸ್ ಎಂಬುದು ಗ್ರಂಥಾಲಯಗಳ ಕ್ಯಾಟಲಾಗಿಗಾಗಿ ಯುನೆಸ್ಕೊ ಉಚಿತವಾಗಿ ಹಂಚಿದ ಡೇಟಾಬೇಸ್ ತಂತ್ರಾಂಶ. ಇದರ ಮೂಲ 1960ರ ದಶಕದಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ದೊಡ್ಡ ಕಂಪ್ಯೂಟರಿಗಾಗಿ ರೂಪಿಸಿಕೊಂಡ ಐಸಿಸ್. ಪರ್ಸನಲ್ ಕಂಪ್ಯೂಟರಿನಲ್ಲಿ ಓಡುವ ಡಾಸ್ ಆವೃತ್ತಿ 1985ರಲ್ಲಿ ಬಂತು, ವಿಂಡೋಸಿಗೆ ಹೊಂದುವ ವಿನ್‌ಐಸಿಸ್ 90ರ ದಶಕದ ಕೊನೆಯಲ್ಲಿ. ಭಾರತದಲ್ಲಿ ಈ ತಂತ್ರಾಂಶವನ್ನು ಹಂಚುವ ಹೊಣೆ ನಿಸ್ಸಾಟ್ ಎಂಬ ಸರ್ಕಾರಿ ಯೋಜನೆಯದಾಗಿತ್ತು. ದುಡ್ಡು ಕೊಡಬೇಕಿರಲಿಲ್ಲ, ಸಾಧಾರಣ ಕಂಪ್ಯೂಟರೇ ಸಾಕಾಗುತ್ತಿತ್ತು. ಹೀಗಾಗಿ ಅನೇಕ ಗ್ರಂಥಾಲಯಗಳು ವರ್ಷಗಟ್ಟಲೆ ಕೂತು ಪುಸ್ತಕಗಳ ವಿವರವನ್ನು ಇದಕ್ಕೇ ತುಂಬಿದವು.

ಆದರೆ ಇದು ಒಂದು ಕೋಣೆಯ, ಹೆಚ್ಚೆಂದರೆ ಒಂದು ಕಟ್ಟಡದ ಬಳಕೆಗೆಂದು ಹುಟ್ಟಿದ ತಂತ್ರಾಂಶ. ಓದುಗ ಮನೆಯಿಂದಲೇ ಪುಸ್ತಕ ಹುಡುಕಬೇಕೆಂದರೆ ನಡುವೆ ಇನ್ನೊಂದು ಸಲಕರಣೆ ಬೇಕು. ಅದನ್ನು ಆರಿಸುವ ಮುನ್ನ ಒಳಗಿನ ದತ್ತಾಂಶ ಹೇಗಿದೆ ಎಂದು ನೋಡಬೇಕು. ಪರದೆಯ ಅಂದ ನೋಡಿ ಆರಿಸಿದವರು ಆಮೇಲೆ ಪಾಡು ಪಡುವುದು ಇಲ್ಲೇ.

ಐಸಿಸ್‌ನಲ್ಲಿ ಪ್ರತಿ ಕ್ಷೇತ್ರಕ್ಕೂ ಒಂದು ಸಂಖ್ಯೆ. ಯುನೆಸ್ಕೊ ಮಾದರಿಯಾಗಿ ಕೊಟ್ಟ ಡೇಟಾಬೇಸಿನಲ್ಲಿ 24 ಶೀರ್ಷಿಕೆ, 70 ಲೇಖಕ, 26 ಪ್ರಕಟಣೆಯ ವಿವರ. ಒಂದು ಪುಸ್ತಕಕ್ಕೆ ಮೂವರು ಲೇಖಕರಿದ್ದರೆ 70 ಮೂರು ಸಲ ಬರುತ್ತದೆ. 26ರ ಒಳಗೆ ಊರು, ಪ್ರಕಾಶಕ, ವರ್ಷ ಮೂರೂ ಒಟ್ಟಿಗಿದ್ದು, ಕ್ಯಾರೆಟ್ ಚಿಹ್ನೆಯ ಪಕ್ಕದ ಎ, ಬಿ, ಸಿ ಅಕ್ಷರಗಳು ಅವನ್ನು ಬೇರ್ಪಡಿಸುತ್ತವೆ. ಕ್ಷೇತ್ರದ ಉದ್ದ ದಾಖಲೆಯಿಂದ ದಾಖಲೆಗೆ ಬೇರೆಯಾಗಬಹುದು. ಸಾಲು–ಕಂಬಗಳ ಕೋಷ್ಟಕದಲ್ಲಿ ಯೋಚಿಸುವ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸಿಗೆ ಇದನ್ನು ಹಾಗೆಯೇ ಸುರಿದರೆ ಎರಡನೆಯ, ಮೂರನೆಯ ಲೇಖಕರು ಕಾಣೆಯಾಗುತ್ತಾರೆ, ಇಲ್ಲವೇ ಮೊದಲನೆಯವರ ಹೆಸರಿಗೇ ಅಂಟಿಕೊಳ್ಳುತ್ತಾರೆ.

ಐಸಿಸ್ ಕಡತಗಳನ್ನು ಇದ್ದಲ್ಲೇ ಓದುವ ಸಲಕರಣೆಗಳಿಗೆ ಈ ತೊಂದರೆಯಿಲ್ಲ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿರುವ ಬಿರೆಮೆ ಎಂಬ ಆರೋಗ್ಯ ಮಾಹಿತಿ ಕೇಂದ್ರ ರೂಪಿಸಿದ ಡಬ್ಲ್ಯುಡಬ್ಲ್ಯುಡಬ್ಲ್ಯು–ಐಸಿಸ್ ಇವುಗಳಲ್ಲಿ ಹೆಸರಾದದ್ದು. ಓದುಗ ಕೇಳಿದ ಪದವನ್ನು ಸರ್ವರ್ ಇದಕ್ಕೆ ದಾಟಿಸುತ್ತದೆ, ಇದು ಸೂಚಿಯಲ್ಲಿ ಹುಡುಕಿ ಉತ್ತರವನ್ನು ವೆಬ್ ಪುಟವಾಗಿ ಕಟ್ಟಿಕೊಡುತ್ತದೆ. ಗ್ರಂಥಪಾಲಕರು ಮೊದಲೇ ಬರೆದಿಟ್ಟ ಮುದ್ರಣ ವಿನ್ಯಾಸಗಳನ್ನೂ ಬಹುಮಟ್ಟಿಗೆ ಬಳಸಿಕೊಳ್ಳಬಹುದು. ಆದರೆ ಅದರ ಸ್ಕ್ರಿಪ್ಟ್ ಭಾಷೆ ಐಸಿಸ್ ಲೋಕದ ಹೊರಗೆ ಯಾರಿಗೂ ಬೇಡದ್ದು. ಕಲಿತ ಒಬ್ಬರು ಕೆಲಸ ಬಿಟ್ಟರೆ ಮುಂದೆ ಅದನ್ನು ಮುಟ್ಟುವವರಿಲ್ಲ. ಸ್ಕ್ರಿಪ್ಟ್ ಬರೆಯಲು ಬಾರದವರಿಗೆ ಜೆನ್‌ಐಸಿಸ್ ಇದೆ: ಹುಡುಕಾಟದ ಫಾರ್ಮನ್ನು ಪರದೆಯ ಮೇಲೆ ಜೋಡಿಸಿದರೆ ಸ್ಕ್ರಿಪ್ಟನ್ನು ಅದೇ ಬರೆದುಕೊಡುತ್ತದೆ. ಬಿರೆಮೆಯದೇ ಮುಂದಿನ ಹೆಜ್ಜೆಯಾದ ಎಬಿಸಿಡಿ, ಪಿಎಚ್‌ಪಿಯಲ್ಲಿ ಬರೆದ ಪೂರ್ಣ ಗ್ರಂಥಾಲಯ ವ್ಯವಸ್ಥೆ. ಪುಸ್ತಕ ಕೊಡುವ–ಪಡೆಯುವ ವ್ಯವಹಾರವೂ ಅದರಲ್ಲಿದೆ.

ಸರ್ವರ್ ಯಾವುದು ಎಂಬುದೂ ಮುಖ್ಯ. ವಿಂಡೋಸ್‌ನಲ್ಲಿ ತಯಾರಾದ ಐಸಿಸ್ ಕಡತವನ್ನು ಲಿನಕ್ಸ್‌ಗೆ ನಕಲು ಮಾಡಿದ ಮಾತ್ರಕ್ಕೆ ಅದು ತೆರೆಯುವುದಿಲ್ಲ. ಕ್ರಂಚ್‌ಎಂಎಫ್ ಎಂಬ ಪುಟ್ಟ ಪ್ರೋಗ್ರಾಮಿನಿಂದ ದಾಖಲೆಗಳಿರುವ ಮಾಸ್ಟರ್ ಕಡತವನ್ನು, ಕ್ರಂಚ್‌ಐಎಫ್‌ನಿಂದ ಸೂಚಿಯನ್ನು ಮಾರ್ಪಡಿಸಿಕೊಳ್ಳಬೇಕು. ಕಡತದ ಹೆಸರಿನಲ್ಲಿ ದೊಡ್ಡಕ್ಷರ–ಸಣ್ಣಕ್ಷರ ಹೆಚ್ಚುಕಮ್ಮಿಯಾದರೂ ಲಿನಕ್ಸ್ ಒಪ್ಪುವುದಿಲ್ಲ. ನಮೂದಿಸುವ ಕೆಲಸ ಕಚೇರಿಯ ವಿನ್‌ಐಸಿಸ್‌ನಲ್ಲೇ ನಡೆದು, ವೆಬ್ ಸರ್ವರಿನಲ್ಲಿ ನಕಲೊಂದು ಮಾತ್ರ ಇರುವುದು ಕ್ಷೇಮ. ಹೊರಗಿನವರು ಎಷ್ಟೇ ತಡಕಾಡಿದರೂ ಮೂಲಕ್ಕೆ ಕೈ ತಾಗುವುದಿಲ್ಲ.

ಇನ್ನೊಂದು ದಾರಿ, ಐಸಿಸ್ ಬಿಟ್ಟು ಹೊರಬರುವುದು. ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾಲಯದ ಗ್ರೀನ್‌ಸ್ಟೋನ್ ಐಸಿಸ್ ಕಡತವನ್ನು ನೇರವಾಗಿ ಆಮದು ಮಾಡಿಕೊಂಡು ಡಿಜಿಟಲ್ ಸಂಗ್ರಹವಾಗಿ ತೋರಿಸುತ್ತದೆ. ಅದೇ ದೇಶದಲ್ಲಿ ಹುಟ್ಟಿದ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ಹೋಗಬೇಕಾದರೆ ದತ್ತಾಂಶವನ್ನು ಐಎಸ್‌ಒ 2709 ವಿನಿಮಯ ರೂಪಕ್ಕೆ ಇಳಿಸಿ, ಸ್ಥಳೀಯ ಸಂಖ್ಯೆಗಳನ್ನು ಮಾರ್ಕ್ 21 ಎಂಬ ಕ್ಯಾಟಲಾಗ್ ಮಾನಕದ ಸಂಖ್ಯೆಗಳಿಗೆ ಹೊಂದಿಸಬೇಕು. ನಮ್ಮ 24 ಅಲ್ಲಿ 245, ನಮ್ಮ 70 ಅಲ್ಲಿ 100 ಮತ್ತು 700. ಬೇಸರದ ಕೆಲಸವೇ; ಆದರೂ ಸಿಬ್ಬಂದಿಯ ಬೆಂಬಲವಿರುವ ಗ್ರಂಥಾಲಯಕ್ಕೆ ಇದೇ ಲೇಸು, ಏಕೆಂದರೆ ಕೋಹಾ ಬಲ್ಲವರು ಸುಲಭವಾಗಿ ಸಿಗುತ್ತಾರೆ. ಒಬ್ಬರೇ ಗ್ರಂಥಪಾಲಕರಿರುವಲ್ಲಿ, ಬರೀ ಹುಡುಕಾಟ ಸಾಕೆನ್ನುವಲ್ಲಿ, ಜೆನ್‌ಐಸಿಸ್ ಅಥವಾ ಗ್ರೀನ್‌ಸ್ಟೋನ್ ಧಾರಾಳವಾಯಿತು.

ಯಾವ ದಾರಿ ಹಿಡಿದರೂ ಕನ್ನಡ ಪುಸ್ತಕಗಳದ್ದು ಬೇರೆಯೇ ಪಾಡು. ಹಳೆಯ ಐಸಿಸ್‌ಗೆ ಯುನಿಕೋಡ್ ಗೊತ್ತಿಲ್ಲ. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದಿದ್ದರೆ ಅಡ್ಡಿಯಿಲ್ಲ. ಇಸ್ಕಿ ಸಂಕೇತದಲ್ಲೋ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲೋ ಟೈಪಿಸಿದ್ದರೆ ಬ್ರೌಸರಿನಲ್ಲಿ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಪರಿವರ್ತಕ ಬಳಸಿದ ಮೇಲೂ ಒತ್ತಕ್ಷರ, ಅರ್ಕಾವೊತ್ತುಗಳನ್ನು ಕಣ್ಣಿಂದಲೇ ಪರಿಶೀಲಿಸಬೇಕು.

ಕೊನೆಗೆ ಎಣಿಕೆ. ಐಸಿಸ್‌ನಲ್ಲಿ ಅಳಿಸಿದ ದಾಖಲೆ ನಿಜಕ್ಕೂ ಅಳಿಯುವುದಿಲ್ಲ, ಅಳಿಸಿದ್ದೆಂದು ಗುರುತು ಹೊತ್ತು ಅಲ್ಲೇ ಕೂತಿರುತ್ತದೆ. ಕಡತದ ಕೊನೆಯ ದಾಖಲೆ ಸಂಖ್ಯೆಯೂ ವೆಬ್‌ನಲ್ಲಿ ಸಿಗುವ ಪುಸ್ತಕಗಳ ಸಂಖ್ಯೆಯೂ ತಾಳೆಯಾಗದಿದ್ದರೆ, ಸಲಕರಣೆಯನ್ನು ದೂರುವ ಮೊದಲು ಆ ಗುರುತಿನ ದಾಖಲೆಗಳು ಎಷ್ಟಿವೆ ಎಂದು ಲೆಕ್ಕ ಹಾಕಿಕೊಳ್ಳಬೇಕು.